ನೆಂಗಾನ ಐದು ನಿಮಿಷದ ಊಟ

ಬಾಲಿಯ ದಕ್ಷಿಣ ತೀರದ ಯಾವ ಹೋಟೆಲಿನ ಹೆಸರು ಬೇಕಾದರೂ ಹೇಳಿ, ನೆಂಗಾ ಸುವಿತ್ರನಿಗೆ ಅದರ ಹಿಂಬಾಗಿಲು ಗೊತ್ತು. ಮುಂಬಾಗಿಲಿನ ವಿಷಯ ಮಾತ್ರ ಕೇಳಬೇಡಿ. ಇಪ್ಪತ್ತಾರು ವರ್ಷದಿಂದ ಪ್ರವಾಸಿಗರನ್ನು ವ್ಯಾನಿನಲ್ಲಿ ತುಂಬಿಕೊಂಡು ಊಟಕ್ಕೆ ಒಯ್ದು ಇಳಿಸಿದ ಮನುಷ್ಯ ಒಂದೇ ಒಂದು ದಿನ ಆ ಮೇಜುಗಳ ಮುಂದೆ ಕೂತವನಲ್ಲ. ಕೂರಬೇಡ ಎಂದು ಯಾರೂ ಅಂದಿರಲಿಲ್ಲ, ಅದು ಬೇರೆ ಮಾತು. ಗಾಡಿಗೆ ನೆರಳು ಸಿಗುವ ಜಾಗ ಯಾವುದು, ಡ್ರೈವರುಗಳಿಗೆಂದು ಕೊಡುವ ಅನ್ನದ ಪೊಟ್ಟಣದಲ್ಲಿ ಯಾವ ಹೋಟೆಲಿನವರು ಮೀನಿನ ತುಂಡನ್ನು ಧಾರಾಳವಾಗಿ ಹಾಕುತ್ತಾರೆ, ಯಾರ ಮೆಣಸಿನ ಚಟ್ನಿ ನಿಜವಾಗಿ ಖಾರ, ಯಾರು ಬಿಳಿಯರಿಗೆ ಹೆದರಿ ಅದಕ್ಕೆ ಸಕ್ಕರೆ ಸುರಿದು ಕೆಡಿಸಿದ್ದಾರೆ, ಇವೆಲ್ಲ ಅವನಿಗೆ ಬಾಯಿಪಾಠ.

ಊಟ ಎಂದರೆ ಅವನಿಗೆ ಐದು ನಿಮಿಷದ ಕೆಲಸ. ಇದರಲ್ಲಿ ಅವನದೇನೂ ಹೆಚ್ಚುಗಾರಿಕೆ ಇಲ್ಲ, ನಾವೆಲ್ಲ ಹಾಗೇ. ಬೆಳಗ್ಗೆ ಒಂದು ಸಲ ಅಡುಗೆಯಾಗುತ್ತದೆ, ಮುಚ್ಚಿಟ್ಟಿರುತ್ತಾರೆ. ಹಸಿದವರು ಹಸಿದಾಗ ಹೋಗಿ ಬಡಿಸಿಕೊಂಡು, ಕಟ್ಟೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ತುಟಿಪಿಟಕ್ಕೆನ್ನದೆ ತಿಂದು, ಕೈ ತೊಳೆದು ಎದ್ದು ಬರುತ್ತಾರೆ. ಹಬ್ಬದ ಪಂಕ್ತಿಯ ಮಾತು ಬೇರೆ. ಉಳಿದ ದಿನಗಳಲ್ಲಿ ಉಣ್ಣುತ್ತಿರುವವರನ್ನು ದಿಟ್ಟಿಸಿ ನೋಡುವುದೂ ಮಾತಾಡಿಸುವುದೂ ಸ್ನಾನದ ಮನೆಯ ಬಾಗಿಲು ತಳ್ಳಿದ ಹಾಗೆ, ಮರ್ಯಾದಸ್ಥರು ಮಾಡುವ ಕೆಲಸವಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ನೆಂಗಾ ತನ್ನ ಹೆಂಡತಿ ರಿಂತೆನ್ ಅನ್ನ ಅಗಿಯುವುದನ್ನು ಎದುರಿನಿಂದ ನೋಡಿದ್ದು ಹೆಚ್ಚೆಂದರೆ ಹತ್ತು ಸಲ. ಅದರಿಂದ ಸಂಸಾರವೇನಾದರೂ ಕೆಟ್ಟಿತೇ? ಮೂರು ಮಕ್ಕಳಾದವು.

ಆ ಮೂರರಲ್ಲಿ ಕೊನೆಯವಳು ಅಸ್ತಿತಿ. ಸಾನೂರಿನ ಒಂದು ವಸತಿಗೃಹದಲ್ಲಿ ಬಂದವರ ಹೆಸರು ಬರೆದುಕೊಂಡು ಕೋಣೆಯ ಕೀಲಿ ಕೊಡುವ ಕೆಲಸ ಅವಳದು. ಅಲ್ಲಿಗೆ ಬರುವ ಪ್ರವಾಸಿಗರನ್ನು ಸಮುದ್ರದಡಿ ಮುಳುಗಿಸಿ ಮೀನು ತೋರಿಸಿಕೊಂಡು ಬರುವ ಸ್ಟೆನ್ಲಿ ರುಮೆಂಗಾನ್ ಎಂಬ ಹುಡುಗನ ಮೇಲೆ ಅವಳಿಗೆ ಮನಸ್ಸಾಯಿತು. ಹುಡುಗ ಉತ್ತರದ ಸುಲವೇಸಿ ದ್ವೀಪದವನು, ತೊಮೊಹೊನ್ ಎಂಬ ಬೆಟ್ಟದೂರಿನವನು, ಕ್ರೈಸ್ತರ ಮನೆಯವನು. ಮದುವೆಯಾದರೆ ಅಸ್ತಿತಿ ಅಲ್ಲಿಗೇ ಹೋಗಬೇಕು. ಹೋಗುವ ಮುಂಚೆ ಮನೆದೇವರ ಗುಡಿಯ ಮುಂದೆ ಕೂತು, ನಮ್ಮ ಹಿರೀಕರಿಗೆ ಕೈಮುಗಿದು, ಇನ್ನು ನಾನು ಈ ಮನೆಯವಳಲ್ಲ ಎಂದು ಹೇಳಿ ಏಳಬೇಕು. ನೆಂಗಾ ಮೂರು ತಿಂಗಳು ಯೋಚಿಸಿದ. ಹುಡುಗ ಒಳ್ಳೆಯವನು, ಅದೇ ಬಂದ ಕಷ್ಟ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಕಳಿಸಿಬಿಡಬಹುದಿತ್ತು.

ಕೊನೆಗೆ ಹುಡುಗನ ಅಪ್ಪ ಅಮ್ಮ ನಾಲ್ಕು ದಿನದ ರಜೆಗೆಂದು ಬಾಲಿಗೆ ಬಂದಿಳಿದರು. ನಮ್ಮಲ್ಲಿ ಹಿರಿಯರ ಹೆಸರಿನ ಹಿಂದೆ ಗಂಡಸಾದರೆ ಪಾ, ಹೆಂಗಸಾದರೆ ಬೂ ಎಂದು ಸೇರಿಸದೆ ಬಾಯಿ ತೆರೆಯುವಂತಿಲ್ಲ. ತಾಯಿ ಬೂ ಮೈಸ್ಕೆ, ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಕಣ್ಣಲ್ಲೇ ಹಾಜರಿ ತೆಗೆಯುವವರು. ತಂದೆ ಪಾ ವೆಕ್ಕಿ, ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಬೇರೆಯವರಿಗೆ ಬೇಯಿಸಿ ಹಾಕಿ, ಈಗ ಬೇರೆಯವರು ಬೇಯಿಸಿದ್ದನ್ನು ಉಣ್ಣುವ ಆಸೆ ಹೊತ್ತು ಬಂದವರು. ವಿಮಾನ ಇಳಿದ ಕೂಡಲೇ ಜೇಬಿನಿಂದ ಒಂದು ಚೀಟಿ ತೆಗೆದರು.

"ನಾಲ್ಕು ದಿನ, ಆರು ಊಟ, ಆರು ಹೋಟೆಲು. ಒಂದು ಕಡೆ ತಿಂದಿದ್ದು ಇನ್ನೊಂದು ಕಡೆ ತಿನ್ನಂಗಿಲ್ಲ. ಎಲ್ಲಾ ಬರ್ಕೊಂಡ್ ಬಂದಿದೀನಿ ಪಾ ನೆಂಗಾ, ನೀವು ಗಾಡಿ ಬಿಡಿ ಸಾಕು!"

ಬೂ ಮೈಸ್ಕೆ ಮುಚ್ಚುಮರೆಯಿಲ್ಲದೆ ಹೇಳಿದರು. "ನಾವು ತಿನ್ನೋಕಷ್ಟೇ ಬಂದಿಲ್ಲ. ನಿಮ್ಮ ಜೊತೆ ಕೂತು ನಾಲ್ಕು ಊಟ ಮಾಡಿದ್ರೆ ನಿಮ್ಮ ಮನಸ್ಸು ನಮಗೆ ತಿಳಿಯತ್ತೆ, ನಮ್ಮದು ನಿಮಗೆ. ಎಲ್ಲಾ ಸರಿ ಅನ್ನಿಸಿದ್ರೆ ಹೊರಡೋ ದಿನ ಒಂದು ಮಾತು ಕೇಳ್ತೀವಿ."

ಏನು ಮಾತು ಎಂಬುದು ಗಾಡಿಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ಸ್ಟೆನ್ಲಿಯ ಪಕ್ಕ ಕೂತಿದ್ದ ಅಸ್ತಿತಿಯ ಕಿವಿ ಕೆಂಪಾಯಿತು. ನೆಂಗಾ ಗೇರು ಬದಲಿಸಿದ. ರಿಂತೆನ್ ಬಂದಿರಲಿಲ್ಲ. ಆ ವಾರ ಊರ ಗುಡಿಯ ಪೂಜೆಗೆ ನೈವೇದ್ಯ ಕಟ್ಟುವ ಸರದಿ ಅವರ ಮನೆಯದು, ತಪ್ಪಿಸಿದರೆ ಕೇರಿಯವರು ಸುಮ್ಮನೆ ಬಿಡುತ್ತಾರೆಯೇ!

ಮೊದಲ ಊಟ ಜಿಂಬಾರಾನಿನಲ್ಲಿ, ಮರಳಿನ ಮೇಲೆ ಮೇಜು ಹಾಕಿ ಸುಟ್ಟ ಮೀನು ಕೊಡುವ ಕಡೆ. ನೆಂಗಾ ಗಾಡಿ ನಿಲ್ಲಿಸಿದ, ಇಳಿದ, ಬಾಗಿಲು ತೆಗೆದ, ಬಗ್ಗಿ ಕೈ ಚಾಚಿ ಅವರನ್ನು ಒಳಗೆ ಕಳಿಸಿದ, ಗಾಡಿಯನ್ನು ಹುಣಸೆಮರದ ನೆರಳಿಗೆ ಒಯ್ದ. ಅಲ್ಲಿಂದ ಅವನ ಕಾಲುಗಳು ಅವನನ್ನು ಕೇಳದೆ ಡ್ರೈವರುಗಳ ಚಪ್ಪರಕ್ಕೆ ನಡೆದವು. ಅರ್ಧ ಗಂಟೆ ಕಾದ ಮೇಲೆ ಪೊಟ್ಟಣ ಬಂತು, ಗೋಡೆಯ ಕಡೆ ತಿರುಗಿದ, ಐದು ನಿಮಿಷದಲ್ಲಿ ಮುಗಿಸಿದ, ಕೈ ತೊಳೆದ.

"ಏನ್ ಬ್ಲಿ, ಬೀಗರ ಊಟ ಬಿಟ್ಟು ಇಲ್ಲಿಗೆ ಬಂದ್ಯಲ್ಲ?" ಎಂದು ಕೇಳಿದ ಲಗಾ ಎಂಬ ಡ್ರೈವರು. ಬ್ಲಿ ಅಂದರೆ ಅಣ್ಣ, ದಾರಿಯಲ್ಲಿ ಸಿಕ್ಕವರೆಲ್ಲ ನಮಗೆ ಅಣ್ಣಂದಿರೇ.

"ಅವರು ಅಲ್ಲಿ ಉಣ್ತಿದಾರೆ."

"ನೀನು?"

ತನಗೂ ಅಲ್ಲೊಂದು ಕುರ್ಚಿ ಇದೆಯೆಂಬುದು ನೆಂಗಾನಿಗೆ ಆಗ ನೆನಪಾಯಿತು. ಅಷ್ಟರಲ್ಲಿ ಅಸ್ತಿತಿಯೇ ಚಪ್ಪಲಿ ಕೈಯಲ್ಲಿ ಹಿಡಿದು ಮರಳು ತುಳಿದುಕೊಂಡು ಓಡಿಬಂದಳು.

"ಬಾಪಾ! ಇಲ್ಲೇನು ಮಾಡ್ತಿದೀಯಾ?"

"ಊಟ ಆಯ್ತು ಕಣೆ."

"ಊಟ ಆಯ್ತಾ! ಅಲ್ಲಿ ನಿನ್ನ ಕುರ್ಚಿ ಖಾಲಿ ಇಟ್ಕೊಂಡು ಮುಕ್ಕಾಲು ಗಂಟೆಯಿಂದ ಕಾಯ್ತಿದಾರೆ. ಎಲ್ಲರೂ ಕೂರದೆ ಬೂ ಮೈಸ್ಕೆ ಪ್ರಾರ್ಥನೆ ಹೇಳಲ್ಲ, ಪ್ರಾರ್ಥನೆ ಆಗದೆ ಯಾರೂ ಮೀನು ಮುಟ್ಟಲ್ಲ."

"ಅಯ್ಯೋ, ಮೀನು ಆರಿಹೋಗತ್ತಲ್ಲೇ!"

"ಆರಿಹೋಗಿದೆ!"

ನೆಂಗಾ ಹೋಗಿ ಕೂತ. ತುಂಬಿದ ಹೊಟ್ಟೆಯ ಮೇಲೆ ಬೂ ಮೈಸ್ಕೆ ಬಡಿಸಿದ ತಣ್ಣಗಿನ ಮೀನನ್ನು ತುರುಕಿಕೊಂಡ. ಮೇಜಿನ ಕೆಳಗೆ ಅವನ ಮೊಣಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಕತ್ತು ಮತ್ತೆ ಮತ್ತೆ ಹುಣಸೆಮರದ ಕಡೆ ತಿರುಗುತ್ತಿತ್ತು. ಯಾರಾದರೂ ಅವನ ಗಾಡಿಗೆ ಅಡ್ಡ ಗಾಡಿ ನಿಲ್ಲಿಸಿಬಿಟ್ಟರೆ? ಬಿಸಿಲು ತಿರುಗಿ ಸೀಟು ಕಾದುಬಿಟ್ಟರೆ?

"ಕುರ್ಚಿ ಕೆಳಗೆ ಏಡಿಗೀಡಿ ಸೇರ್ಕೊಂಡಿದೆಯಾ ಪಾ ನೆಂಗಾ?" ಎಂದು ಪಾ ವೆಕ್ಕಿ ಬಗ್ಗಿ ನೋಡಿದರು. ಎಲ್ಲರೂ ನಕ್ಕರು. ಬೂ ಮೈಸ್ಕೆ ನಗಲಿಲ್ಲ.

ಎರಡನೆಯ ದಿನ ಬೆಳಗ್ಗೆ ರಿಂತೆನ್ ತಾಳೆಗರಿ ಹೆಣೆಯುತ್ತ ಗಂಡನಿಗೆ ತಾಕೀತು ಮಾಡಿದಳು. "ಇವತ್ತು ಸುಮ್ನೆ ಕೂತ್ಕೊ. ಅವರು ಎದ್ದಾಗ ಏಳು. ಇಷ್ಟೇ. ಮೂರು ವರ್ಷದ ಮಗೂಗೂ ಬರತ್ತೆ."

"ಕೂರ್ತೀನಿ ಮಾರಾಯ್ತಿ. ನಿನ್ನೆ ಮರೆತುಹೋಯ್ತು ಅಷ್ಟೇ."

ಅಂದು ಮಧ್ಯಾಹ್ನ ಗಿಯಾನ್ಯಾರಿನಲ್ಲಿ ಹಂದಿಮರಿಯನ್ನು ಇಡಿಯಾಗಿ ಸುಡುವ ಹೋಟೆಲು. ನೆಂಗಾ ಎಲ್ಲರಿಗಿಂತ ಮೊದಲು ಹೋಗಿ ಕೂತ. ಪ್ರಾರ್ಥನೆ ಮುಗಿಯುವವರೆಗೂ ತಲೆ ತಗ್ಗಿಸಿಕೊಂಡಿದ್ದ. ಗರಿಗರಿ ಚರ್ಮ, ಹುರುಳಿಕಾಯಿ ಪಲ್ಯ, ಅನ್ನ ಬಂದವು. ಅಭ್ಯಾಸಬಲ ನೋಡಿ, ಗೋಡೆ ಸಿಗಲಿಲ್ಲವೆಂದು ತಟ್ಟೆಗೇ ಮುಖವಿಟ್ಟು ಕೂತವನು ತಲೆ ಎತ್ತಿದಾಗ ತಟ್ಟೆ ಬರಿದಾಗಿತ್ತು. ಬೂ ಮೈಸ್ಕೆ ಇನ್ನೂ ತಮ್ಮ ಊರಿನ ಚರ್ಚಿನ ಹಾಡುಗಾರ ತಂಡದ ಜಗಳ ಹೇಳುತ್ತ ಎರಡನೆಯ ತುತ್ತಿನಲ್ಲಿದ್ದರು. ಎದುರಿಗೆ ಖಾಲಿ ತಟ್ಟೆ ಇಟ್ಟುಕೊಂಡು, ಉಣ್ಣುವ ನಾಲ್ಕು ಜನರನ್ನು ನೋಡುತ್ತ ಕೂರುವುದೆಂದರೆ ನೆಂಗಾನಿಗೆ ಮೈಯೆಲ್ಲ ಮುಳ್ಳು. ಎಲ್ಲಿ ನೋಡಬೇಕು? ಅವರ ಬಾಯಿಯನ್ನೇ? ಛೀ! ಎರಡು ನಿಮಿಷ ತಡೆದ. ಮೂರನೆಯ ನಿಮಿಷಕ್ಕೆ "ಗಾಡಿ ಬಿಸಿಲಿಗೆ ಬಿದ್ದಿದೆ" ಎಂದು ಎದ್ದೇಬಿಟ್ಟ.

ಹೊರಗೆ ಹೋಗಿ ಗಾಡಿಯನ್ನು ನೆರಳಿಗೆ ತಂದ, ಗಾಜು ಒರೆಸಿದ, ಒರೆಸಿದ ಗಾಜನ್ನೇ ಮತ್ತೊಮ್ಮೆ ಒರೆಸಿದ. ತಿರುಗಿ ಬಂದಾಗ ಎಲ್ಲರೂ ಉಣ್ಣುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು.

"ಪಾ ನೆಂಗಾ, ನಮ್ಮ ಜೊತೆ ಕೂರೋದು ನಿಮಗೆ ಅಷ್ಟು ಕಷ್ಟಾನಾ?" ಎಂದು ಬೂ ಮೈಸ್ಕೆ ನೇರವಾಗಿಯೇ ಕೇಳಿದರು.

"ಛೆ ಛೆ, ಎಲ್ಲಾದ್ರೂ ಉಂಟೇ! ಗಾಡಿ..."

"ಗಾಡಿ. ಸರಿ."

ಆ 'ಸರಿ' ಸರಿಯಿರಲಿಲ್ಲ. ಸಂಜೆ ಸಮುದ್ರದಂಚಿನ ಜಪಾನೀ ಹೋಟೆಲಿನಲ್ಲಿ ಹಸಿಮೀನು ಬಂದಾಗ ಪಾ ವೆಕ್ಕಿ "ಒಲೆ ಕೆಟ್ಟಿದ್ರೆ ಮೊದಲೇ ಹೇಳ್ಬೇಕಿತ್ತಪ್ಪಾ" ಎಂದರು, ಮರುದಿನ ಬೆಳಗ್ಗೆ ಉಬುದಿನಲ್ಲಿ ಹೂವಿನ ಎಸಳು ಉದುರಿಸಿದ ಹಣ್ಣಿನ ಬಟ್ಟಲು ಬಂದಾಗ "ಇದು ತಿನ್ನೋದಾ, ಪೂಜೆಗಿಡೋದಾ?" ಎಂದರು. ಎರಡು ಸಲವೂ ನಕ್ಕಿದ್ದು ಅವರೊಬ್ಬರೇ. ಜಪಾನೀ ಹೋಟೆಲಿನಲ್ಲಿ ನೆಂಗಾ ಮೂರು ಸಲ ಎದ್ದಿದ್ದ, ಉಬುದಿನಲ್ಲಿ ನಾಲ್ಕು. ಒಮ್ಮೆ ಕೈ ತೊಳೆಯಲು, ಒಮ್ಮೆ ಬಾರದ ಫೋನು ತೆಗೆದುಕೊಳ್ಳಲು. ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಸುತ್ತುವ ಗಂಡಸನ್ನು ಎಷ್ಟು ಹೊತ್ತು ಸಹಿಸಿಕೊಳ್ಳಲು ಸಾಧ್ಯ? ಸ್ಟೆನ್ಲಿ ಪಾಪದವನು, ನಡುವೆ ಮಾತು ಹೊಂದಿಸಿ ಹೊಂದಿಸಿ ಸೋತಿದ್ದ. ಇಡೀ ಹೊತ್ತು ಅಸ್ತಿತಿ ತಟ್ಟೆಯಲ್ಲಿ ಚಮಚ ಆಡಿಸುತ್ತ ತುಟಿಯಲ್ಲೊಂದು ನಗು ಅಂಟಿಸಿಕೊಂಡು ಕೂತಿರುತ್ತಿದ್ದಳು.

ಮೂರನೆಯ ಮಧ್ಯಾಹ್ನ ಚಾಂಗುವಿನಲ್ಲಿ ಒಂದು ಇಟಲಿಯವರ ಹೋಟೆಲು, ಬಿಳಿ ಬಟ್ಟೆ ಹಾಸಿದ ಮೇಜು, ಗಾಜಿನ ಲೋಟಗಳು. ಗುಡಿಗೆ ಹೋಗುವಾಗ ಮಾತ್ರ ಹಾಕುವ ಇಸ್ತ್ರಿ ಅಂಗಿಯನ್ನು ನೆಂಗಾ ಅಂದು ಹಾಕಿಕೊಂಡಿದ್ದ. ಇನ್ನೇನು ಕುರ್ಚಿ ಎಳೆಯಬೇಕು, ಬಡಿಸುವ ಹುಡುಗಿ ಓಡಿಬಂದು ಅವನ ಕೈ ಹಿಡಿದಳು.

"ಬ್ಲಿ ನೆಂಗಾ! ಡ್ರೈವರ್ ಊಟ ಹಿಂದ್ಗಡೆ ಅಲ್ವಾ, ಮರ್ತೇಬಿಟ್ರಾ? ಇವತ್ತು ಕೋಳಿ ಇದೆ, ಬೇಗ ಹೋಗಿ."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಸ್ಟೆನ್ಲಿ ಧಡಕ್ಕನೆ ಎದ್ದು ನಿಂತು, "ಇವರು ಡ್ರೈವರ್ ಅಲ್ಲ, ಇವರು ನಮ್ಮ..." ಎಂದವನು ಮುಂದಿನ ಮಾತಿಗೆ ತಡವರಿಸಿದ. ಆ ಮಾತು ಇನ್ನೂ ಆಗಿರಲಿಲ್ಲವಲ್ಲ. ನೆಂಗಾ ಆ ಹೊತ್ತಿನಲ್ಲಿ ಏನು ಮಾಡಬೇಕಿತ್ತು? ಕುರ್ಚಿ ಎಳೆದು ಕೂರಬೇಕಿತ್ತು. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಅವನೋ, ಜೈಲಿನಿಂದ ಬಿಡುಗಡೆಯಾದವನ ಹಾಗೆ ಮುಖವರಳಿಸಿ, "ಹೌದಲ್ವಾ, ಬಂದೆ ಬಂದೆ" ಎಂದು ಅವಳ ಹಿಂದೆ ಹೊರಟೇಬಿಟ್ಟ. ಥೂ, ಇಂಥ ಮನುಷ್ಯನಿಗೆ ಏನು ಹೇಳುವುದು!

ಹಿತ್ತಲಿನ ಚಪ್ಪರದಲ್ಲಿ ಅವತ್ತು ಬೇರೆ ಯಾರೂ ಇರಲಿಲ್ಲ. ಪೊಟ್ಟಣ ಬಿಚ್ಚಿ ಎರಡು ತುತ್ತು ತಿಂದಾಗಲೇ ಅವನಿಗೆ ತಾನು ಮಾಡಿದ್ದು ಅರಿವಾದದ್ದು. ಪೊಟ್ಟಣವನ್ನು ಬೆಂಚಿನ ಮೇಲೆ ಇಟ್ಟುಬಿಟ್ಟ. ಎದ್ದು ಒಳಗೆ ಹೋಗೋಣವೆಂದರೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಕಾಲು ಗಂಟೆ ಕಳೆದು ಅಸ್ತಿತಿ ಬಂದಳು. ಈ ಸಲ ಓಡಿ ಬರಲಿಲ್ಲ.

"ಇನ್ನು ಅವರು ಕೇಳಲ್ಲ ಬಾಪಾ."

"ಏನಂದ್ರು?"

"'ಬೇಡ ಅಂತ ಬಾಯಲ್ಲಿ ಹೇಳಕ್ಕೆ ಸಂಕೋಚ, ಅದಕ್ಕೇ ನಿಮ್ಮಪ್ಪ ಎದ್ದೆದ್ದು ಹೋಗ್ತಾರೆ, ನಮಗೂ ಅರ್ಥ ಆಗತ್ತೆ. ನಮ್ಮ ಜೊತೆ ಒಂದು ಮೇಜಲ್ಲಿ ಉಣ್ಣೋಕೆ ಇಷ್ಟ ಇಲ್ಲದವರ ಮನೆಯಿಂದ ನಾವು ಹೆಣ್ಣು ಕೇಳಲ್ಲ' ಅಂದ್ರು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು." ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ನಿನಗೆ ಇಷ್ಟ ಇಲ್ಲ ಅಂದ್ರೆ ಮೂರು ತಿಂಗಳ ಹಿಂದೆನೇ ಹೇಳ್ಬಹುದಿತ್ತು. ನಾನು ಹಟ ಮಾಡ್ತಿದ್ನಾ?"

ಅವಳ ಕಣ್ಣು ನೆಂಗಾನ ಮೇಲಿರಲಿಲ್ಲ, ಬೆಂಚಿನ ಮೇಲೆ ಬಿಚ್ಚಿಟ್ಟಿದ್ದ ಪೊಟ್ಟಣದ ಮೇಲಿತ್ತು. ಅವಳು ಅದನ್ನು ಎತ್ತಿಕೊಂಡಳು, ಗೋಡೆಯ ಕಡೆ ತಿರುಗಿ ಕೂತಳು, ಬರಿಗೈಯಲ್ಲಿ ಕಲಸಿ ಗಬಗಬನೆ ತಿನ್ನತೊಡಗಿದಳು. ಅಭ್ಯಾಸದಂತೆ ನೆಂಗಾ ಬೆನ್ನು ತಿರುಗಿಸಿದ. ಬೆನ್ನು ತಿರುಗಿಸಿ ನಿಂತ ಮೇಲೆ ಅವನಿಗೆ ಹೊಳೆಯಿತು. ಮೂರು ದಿನದಿಂದ ಇವಳು ಉಂಡದ್ದನ್ನು ತಾನು ನೋಡಿಯೇ ಇಲ್ಲ. ನೋಡಬಾರದೆಂದು ನೋಡಿಲ್ಲ, ಅದು ಸರಿ. ಆದರೆ ಇವಳು ಉಂಡೇ ಇಲ್ಲ.

ಅವಳು ಕೈ ತೊಳೆದು ಬರುವವರೆಗೆ ಕಾದು ಕೇಳಿದ.

"ಎಷ್ಟು ದಿನ ಆಯ್ತು ಸರಿಯಾಗಿ ಊಟ ಮಾಡಿ?"

"ಎಲ್ಲರೂ ನನ್ನ ಬಾಯನ್ನೇ ನೋಡ್ತಾರೆ ಬಾಪಾ. 'ತಿನ್ನು, ತಿನ್ನು, ಯಾಕೆ ತಿಂತಿಲ್ಲ' ಅಂತಾರೆ. ತುತ್ತು ಬಾಯಲ್ಲಿ ಇರೋವಾಗ ಪ್ರಶ್ನೆ ಕೇಳ್ತಾರೆ. ಗಂಟಲು ಮುಚ್ಕೊಂಡುಬಿಡತ್ತೆ."

"ಸ್ಟೆನ್ಲಿಗೆ ಹೇಳಿದ್ಯಾ?"

"ಏನಂತ ಹೇಳ್ಲಿ? ನಿಮ್ಮಮ್ಮನ ಮುಂದೆ ಅನ್ನ ಇಳಿಯಲ್ಲ ಅಂತಾನಾ?" ಅವಳು ಮೂಗು ಸೀಟಿಕೊಂಡಳು. "ಅವರ ಮನೇಲಿ ಹದಿನಾಲ್ಕು ಜನ ಬಾಪಾ. ಒಂದೇ ಉದ್ದ ಮೇಜು. ಮೂರು ಹೊತ್ತೂ."

ನೆಂಗಾ ಖಾಲಿ ಪೊಟ್ಟಣವನ್ನು ಮಡಚಿದ, ಮತ್ತೆ ಮಡಚಿದ. ಇಷ್ಟು ದಿನ ಅವನು ಹೆದರಿದ್ದು ದೇವರು, ದೂರ, ವಿಮಾನ, ಇಂಥವಕ್ಕೆ. ಮಗಳು ಹೊಟ್ಟೆಗಿಲ್ಲದೆ ಹದಿನಾಲ್ಕು ಜನರ ನಡುವೆ ನಗುತ್ತ ಕೂತಿರುತ್ತಾಳೆ ಎಂಬುದು ಅವನ ಲೆಕ್ಕಕ್ಕೇ ಬಂದಿರಲಿಲ್ಲ.

ಮರುದಿನ ಬೆಳಗ್ಗೆ ಅದನ್ನೇ ರಿಂತೆನ್ ಮುಂದೆ ಹೇಳಿಕೊಂಡ. ಹೇಳುವಾಗಲೂ ನಿಂತಲ್ಲಿ ನಿಲ್ಲಲಿಲ್ಲ, ಅಂಗಳದ ಈ ತುದಿಯಿಂದ ಆ ತುದಿಗೆ ಓಡಾಡಿದ. "ಅಲ್ಲಿಗೆ ಹೋದ್ರೆ ಅವಳು ಒಣಗಿ ಕಡ್ಡಿ ಆಗ್ತಾಳೆ ಕಣೆ."

"ಹಾಗಾದ್ರೆ ಬೇಡ ಅಂತ ಹೇಳಿಬಿಡು."

"ಬೇಡ ಅನ್ನೋಕೆ ಹುಡುಗ ಕೆಟ್ಟವನಲ್ಲ. ಅವಳು ಅತ್ತಿದ್ದು ನೋಡಿದ್ರೆ... ನನ್ನ ಕೈಲಿ ಆಗಲ್ಲ."

"ಹಾಗಾದ್ರೆ ಹೂಂ ಅಂತ ಹೇಳು."

"ಅದೂ ಆಗ್ತಿಲ್ಲ. ಮೇಜಿಂದ ಯಾಕೆ ಓಡಿಹೋಗ್ತೀನಿ ಅಂತ ನಿನ್ನೆಯಿಂದ ಯೋಚನೆ ಮಾಡ್ತಿದೀನಿ. ಮೊದಲ ದಿನ ಅಭ್ಯಾಸ, ನಿಜ. ಆಮೇಲಿಂದು ಪೂರ್ತಿ ಅಭ್ಯಾಸ ಅಲ್ಲ ರಿಂತೆನ್. ಕೂತ್ರೆ ಕೇಳ್ತಾರೆ. ಎದ್ರೆ ಕೇಳಲ್ಲ."

ರಿಂತೆನ್ ಹೆಣೆಯುತ್ತಿದ್ದ ಗರಿಯನ್ನು ಕೆಳಗಿಟ್ಟಳು. "ಅವಳ ಹೊಟ್ಟೆ ವಿಷಯ ಆ ತಾಯಿಗೆ ಬಾಯಿ ಬಿಟ್ಟು ಹೇಳು. ಆ ಹೆಂಗಸು ಮೂವತ್ತು ವರ್ಷ ಮಕ್ಕಳನ್ನ ನೋಡಿದೋಳು, ತಿಳ್ಕೊಳ್ತಾಳೆ. ಅವರು ಕೇಳಿದ್ರೆ ನಿನ್ನ ಮನಸ್ಸಲ್ಲಿರೋದು ಹೇಳು, ನನ್ನದು ಹೂಂ. ಶಾಸ್ತ್ರಕ್ಕೆ ಮನೆಗೆ ಬಂದು ಕೇಳೋದು ಆಮೇಲೆ ಇದ್ದೇ ಇದೆ. ಆದ್ರೆ ಇನ್ನು ಕಾಲಲ್ಲಿ ಮಾತಾಡಬೇಡ."

ಅಂದು ನಾಲ್ಕೂವರೆಗೆ ಅವರ ವಿಮಾನ. ಪಾ ವೆಕ್ಕಿಯ ಚೀಟಿಯಲ್ಲಿ ಕೊನೆಗೆ ಉಳಿದಿದ್ದು ದೆನ್‌ಪಸಾರಿನಲ್ಲಿ ಅವರ ಊರಿನವರೇ ನಡೆಸುವ ಒಂದು ಚಿಕ್ಕ ಹೋಟೆಲು. "ನಾಲ್ಕು ದಿನ ಕಂಡವರ ಅಡುಗೆ ತಿಂದು ಬಾಯಿ ಕೆಟ್ಟಿದೆ, ಹೋಗ್ತಾ ನಮ್ಮದು ತಿಂದು ಹೋಗೋಣ" ಎಂದರು ಅವರು. ಬೂ ಮೈಸ್ಕೆ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಅವರ ಪೆಟ್ಟಿಗೆಗಳು ಹಿಂದೆ ಗಡಗಡ ಅಲುಗಾಡುತ್ತಿದ್ದವು.

ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದ ನೆಂಗಾ ಕೀಲಿಯನ್ನು ಸ್ಟೆನ್ಲಿಯ ಅಂಗೈಯಲ್ಲಿಟ್ಟ. "ಇದು ನಿನ್ನ ಹತ್ರ ಇರ್ಲಿ. ನಾನು ಕೇಳಿದ್ರೂ ಕೊಡಬೇಡ."

ಒಳಗೆ ಹೋಗಿ ಗೋಡೆಗೂ ಮೇಜಿಗೂ ನಡುವಿನ ಇಕ್ಕಟ್ಟಿನ ಮೂಲೆಯಲ್ಲಿ ಕೂತ. ಏಳಬೇಕೆಂದರೆ ಇಬ್ಬರನ್ನು ಎಬ್ಬಿಸಬೇಕು. ಅನ್ನ ಬಂತು, ಹೊಗೆಯಲ್ಲಿ ಬೇಯಿಸಿ ಹಸಿಮೆಣಸಿನಲ್ಲಿ ಹೊರಳಿಸಿದ ಮೀನು ಬಂತು, ಬಿದಿರಿನೊಳಗೆ ಬೆಂದ ಹಂದಿಮಾಂಸ ಬಂತು. ಬೂ ಮೈಸ್ಕೆ ಪ್ರಾರ್ಥನೆ ಮುಗಿಸಿದರು, ಸೌಟು ಎತ್ತಿಕೊಂಡರು.

"ಬೂ ಮೈಸ್ಕೆ, ಒಂದು ನಿಮಿಷ" ಎಂದ ನೆಂಗಾ. "ಉಣ್ತಾ ಮಾತಾಡೋಕೆ ನನಗೆ ಬರಲ್ಲ. ಅದಕ್ಕೇ ಮೊದಲೇ ಹೇಳ್ಬಿಡ್ತೀನಿ. ನಿಮ್ಮ ಮೇಲೆ ನನಗೆ ಏನೂ ಇಲ್ಲ. ನಮ್ಮ ಮನೇಲಿ ಒಬ್ಬರು ಉಣ್ಣೋದನ್ನ ಇನ್ನೊಬ್ಬರು ನೋಡಲ್ಲ. ಗೋಡೆ ಕಡೆ ತಿರುಗಿ ತಿಂತೀವಿ, ಐದು ನಿಮಿಷ, ಮುಗೀತು. ನಾನು ಓಡಿಹೋದೆ, ತಪ್ಪಾಯ್ತು, ಇವಳು ಓಡಿಹೋಗಲಿಲ್ಲ. ಮೂರು ದಿನ ನಿಮ್ಮ ಜೊತೆ ಮರ್ಯಾದೆಯಿಂದ ಕೂತ್ಲು, ಒಂದು ತುತ್ತು ಸರಿಯಾಗಿ ತಿಂದಿಲ್ಲ. ನಿನ್ನೆ ಹಿತ್ತಲಲ್ಲಿ ನನ್ನ ಪೊಟ್ಟಣ ಕಿತ್ಕೊಂಡು ತಿಂದ್ಲು. ನಾಳೆ ಇವಳು ನಿಮ್ಮನೇಲಿ ಒಂದು ಮೂಲೆಗೆ ಹೋಗಿ ಬೆನ್ನು ತಿರುಗಿಸಿ ಕೂತ್ರೆ, ಸಿಟ್ಟು ಅಂತ ತಿಳೀಬೇಡಿ. ಹಸಿವು ಅಂತ ತಿಳೀರಿ. ಇಷ್ಟೇ ನಾನು ಹೇಳೋದು."

"ಬಾಪಾ!" ಎಂದಳು ಅಸ್ತಿತಿ. ನಾಚಿಕೆಗೆ ಅವಳ ಮುಖ ಕೆಂಪೇರಿತ್ತು.

ಬೂ ಮೈಸ್ಕೆ ಸೌಟು ಹಿಡಿದ ಕೈಯನ್ನು ಇಳಿಸಲಿಲ್ಲ. "ಮೂರು ದಿನ ಉಪವಾಸಾನಾ? ಏನೇ ಮಗು ಇದು? ನಾನು ನಿನ್ನ ತಟ್ಟೆ ತುಂಬ ತುಂಬ ಹಾಕ್ತಿದ್ನಲ್ಲೇ!"

"ನೀನು ಹಾಕ್ತಿದ್ದೆ, ಅವಳು ನನ್ನ ತಟ್ಟೆಗೆ ದಾಟಿಸ್ತಿದ್ಲು, ನಾನು ತಿಂತಿದ್ದೆ" ಎಂದರು ಪಾ ವೆಕ್ಕಿ ಅಪರಾಧಿಯ ಹಾಗೆ. "ಹುಡುಗೀಗೆ ನನ್ನ ಮೇಲೆ ಬಲು ಪ್ರೀತಿ ಅಂದ್ಕೊಂಡಿದ್ದೆ."

"ನಿಮ್ಮ ಹೊಟ್ಟೆಗೆ ಬೆಂಕಿ ಹಾಕ!" ಎಂದು ಗಂಡನನ್ನು ಗದರಿಸಿ ಬೂ ಮೈಸ್ಕೆ ಅಸ್ತಿತಿಯ ಕಡೆ ತಿರುಗಿದರು. "ನೋಡಮ್ಮಾ, ನನಗೆ ಸುಳ್ಳು ಹೇಳೋಕೆ ಬರಲ್ಲ. ನಮ್ಮಲ್ಲಿ ಮನೇಲಿ ಜಗಳ ಆದ್ರೆ ಮಾತ್ರ ಒಬ್ಬರೇ ಉಣ್ಣೋದು. ನೀನು ಬೆನ್ನು ಹಾಕಿ ಕೂತ್ರೆ ನನ್ನ ಕರುಳು ಚುರುಕ್ ಅನ್ನತ್ತೆ. ನಾನೂ ಮನುಷ್ಯಳೇ."

"ರಾತ್ರಿ ಊಟ ನಿಮ್ಮ ಜೊತೆ ಮೇಜಲ್ಲಿ ಮಾಡ್ತೀನಿ" ಎಂದಳು ಅಸ್ತಿತಿ. ನಾಲ್ಕು ದಿನದಲ್ಲಿ ಅವರ ಮುಂದೆ ಅವಳು ನಗು ಅಂಟಿಸಿಕೊಳ್ಳದೆ ಆಡಿದ ಮೊದಲ ಮಾತು ಅದು. "ಬೆಳಗ್ಗೆ, ಮಧ್ಯಾಹ್ನ ಅಡುಗೆಮನೆ ಮೆಟ್ಟಿಲ ಮೇಲೆ ಬಿಟ್ಬಿಡಿ. ಯಾರೂ ತಿನ್ನು ಅನ್ನಬೇಡಿ. ನಿಧಾನಕ್ಕೆ ಅಭ್ಯಾಸ ಆದ್ರೆ ನಾನೇ ಬರ್ತೀನಿ."

"ಮೆಟ್ಟಿಲ ಮೇಲೆ ಬೇಡ, ಅಲ್ಲಿ ಚಳಿ. ಒಲೆ ಹತ್ರ ಮಣೆ ಹಾಕ್ಸ್ತೀನಿ" ಎಂದರು ಬೂ ಮೈಸ್ಕೆ. ಆಮೇಲೆ ನೆಂಗಾನನ್ನು ದಿಟ್ಟಿಸಿ ನೋಡಿದರು. "ಈಗ ಎಲ್ಲರೂ ಊಟ ಮಾಡಿ. ದೊಡ್ಡ ಮಾತು ನಮ್ಮಲ್ಲಿ ಊಟದ ನಡುವೆ ಆಡಲ್ಲ. ಎಲ್ಲರ ತಟ್ಟೆ ಖಾಲಿಯಾದ ಮೇಲೆ ನಿಮ್ಮನ್ನ ಒಂದು ಮಾತು ಕೇಳೋದಿದೆ ಪಾ ನೆಂಗಾ."

ಹೀಗೆಂದು ಅವರು ತಮ್ಮ ಕುರ್ಚಿಯನ್ನು ಕೊಂಚ ಓರೆ ಮಾಡಿಕೊಂಡು ಬೀದಿಯ ಕಡೆ ಮುಖ ಹಾಕಿದರು. ಪಾ ವೆಕ್ಕಿಗೂ ಮೊಣಕೈಯಿಂದ ತಿವಿದು ಬೀದಿ ತೋರಿಸಿದರು. ಯಾರೂ ಮಾತಾಡಲಿಲ್ಲ. ಅಸ್ತಿತಿ ಅನ್ನ ಕಲಸಿದಳು, ತಿಂದಳು, ಮತ್ತೆ ಬಡಿಸಿಕೊಂಡಳು. ಅವಳ ಅಪ್ಪ ಅದನ್ನು ಕದ್ದು ನೋಡಿದ. ನೋಡಬಾರದಿತ್ತು, ನೋಡಿದ.

ನೆಂಗಾ ತನ್ನ ವಾಡಿಕೆಯಂತೆ ಶುರುಮಾಡಿದ. ತಲೆ ತಗ್ಗಿಸಿ ಸರಸರನೆ ತಿಂದ. ನಾಲ್ಕು ನಿಮಿಷಕ್ಕೆ ತಟ್ಟೆಯಲ್ಲಿ ಎರಡು ತುತ್ತು ಉಳಿದಿತ್ತು. ಆಗ ಅವನ ಕೈ ನಿಂತಿತು. ಈ ಎರಡು ತುತ್ತು ಮುಗಿದರೆ ತಟ್ಟೆ ಖಾಲಿ. ತಟ್ಟೆ ಖಾಲಿಯಾದರೆ ಅವರು ಕೇಳುತ್ತಾರೆ. ಕೇಳಿದರೆ ಹೂಂ ಅನ್ನಬೇಕು, ಅನ್ನುತ್ತಾನೆ, ಅದರಲ್ಲಿ ಇನ್ನು ಅನುಮಾನವಿಲ್ಲ. ಹೂಂ ಅಂದ ಮರುಕ್ಷಣದಿಂದ ಅಸ್ತಿತಿ ಹೊರಟವಳೇ.

"ಸ್ವಲ್ಪ ಅನ್ನ" ಎಂದ ನೆಂಗಾ.

ಎಲ್ಲರೂ ಅವನ ಕಡೆ ನೋಡಿದರು. ಬೂ ಮೈಸ್ಕೆ ಬಡಿಸಿದರು. ಅವನು ಒಂದೊಂದೇ ಅಗುಳು ಹೆಕ್ಕುವವನ ಹಾಗೆ ತಿಂದ. ಮೀನಿನ ಮುಳ್ಳನ್ನು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿನಲ್ಲಿ ಜೋಡಿಸಿದ. ಉಳಿದವರ ತಟ್ಟೆಗಳೆಲ್ಲ ಬರಿದಾದವು. ಸ್ಟೆನ್ಲಿ ಗಡಿಯಾರ ನೋಡಿ ಕೈ ಕೆಳಗಿಳಿಸಿದ.

"ಇನ್ನೂ ಸ್ವಲ್ಪ" ಎಂದ ನೆಂಗಾ.

"ಪಾ ನೆಂಗಾ, ವಿಮಾನ..." ಎಂದು ಶುರುಮಾಡಿದ ಪಾ ವೆಕ್ಕಿಯ ಕೈಯನ್ನು ಬೂ ಮೈಸ್ಕೆ ಒತ್ತಿ ಹಿಡಿದರು. ಅವರಿಗೆ ಅರ್ಥವಾಗಿತ್ತು. ಮೂರನೆಯ ಸಲ ಅನ್ನ ಹಾಕಿದರು, ತಮ್ಮ ಖಾಲಿ ತಟ್ಟೆಗೂ ಒಂದು ಚಮಚ ಹಾಕಿಕೊಂಡು ಅವನ ಜೊತೆಗೆ ನಿಧಾನವಾಗಿ ತಿನ್ನತೊಡಗಿದರು. ಹೊರಗೆ ಗಾಡಿ ಪೂರ್ತಿ ಬಿಸಿಲಿಗೆ ಬಿದ್ದಿತ್ತು. ನೆಂಗಾ ಆ ಕಡೆ ತಿರುಗಿಯೂ ನೋಡಲಿಲ್ಲ.

"ಸಾಕು ಬಾಪಾ, ಹೊಟ್ಟೆ ಕೆಡತ್ತೆ" ಎಂದಳು ಅಸ್ತಿತಿ ಮೆಲ್ಲಗೆ.

ಅವನು ಕೊನೆಯ ತುತ್ತನ್ನು ಬಹಳ ಹೊತ್ತು ಅಗಿದ. ನುಂಗಿದ. ಕೈ ತೊಳೆಯಲು ಏಳಲಿಲ್ಲ. ಎಂಜಲು ಕೈಯನ್ನು ಖಾಲಿ ತಟ್ಟೆಯ ಮೇಲೆ ಇಟ್ಟುಕೊಂಡು, ಬೂ ಮೈಸ್ಕೆಯ ಮುಖವನ್ನು ನೇರವಾಗಿ ನೋಡಿ, "ಈಗ ಕೇಳಿ" ಎಂದ.